ಐದೂವರೆ ಗಂಟೆ ಹಿಂದೆ ಬಿದ್ದ ಮಳೆ

ಶಿರಸಿ ಸಮೀಪದ ನಮ್ಮ ಅಡಿಕೆ ತೋಟದ ಮಳೆಮಾಪಕವು ಪ್ರತಿ ದಾಖಲೆಯ ಮುಂದೆ 1720000000000 ಎಂಬಂಥ 13 ಅಂಕಿಗಳ ಸಂಖ್ಯೆಯನ್ನು ಬರೆಯುತ್ತಿದ್ದು, ಅದನ್ನು, ಇಂಥ ಸಂಖ್ಯೆಗಳನ್ನು ದಿನಾಂಕವಾಗಿ ಬದಲಿಸುವ ಟೈಮ್‌ಸ್ಟ್ಯಾಂಪ್ ಪರಿವರ್ತಕಕ್ಕೆ ಕೊಟ್ಟಾಗ 56,000ದ ಆಚೆಗಿನ ಇಸವಿ ಬಂದಿತು. ಪರಿವರ್ತಕ ನಿರೀಕ್ಷಿಸುವ ಯುನಿಕ್ಸ್ ಕಾಲವು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾದರೆ, ಯಂತ್ರ ಬರೆದದ್ದು ಮಿಲಿಸೆಕೆಂಡುಗಳನ್ನು. 1000ದಿಂದ ಭಾಗಿಸಿದೊಡನೆ 2024ರ ಜುಲೈ 3 ದೊರೆಯಿತು. ಆದರೂ ಬೆಳಗಿನ ಜಾವ 2 ಗಂಟೆಗೆ, ಹೆಂಚಿನ ಮೇಲಿನ ಸದ್ದಿಗೆ ನಾನೇ ಎದ್ದು ಕುಳಿತಿದ್ದ ಮಳೆಯೊಂದು ಹಿಂದಿನ ರಾತ್ರಿ 8:30ರ ಲೆಕ್ಕಕ್ಕೆ ಸೇರಿತ್ತು. ಪರಿವರ್ತಕ ತೋರಿಸುತ್ತಿದ್ದುದು ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯವನ್ನು; ಇದನ್ನು ಮೊದಲೇ ಊಹಿಸಬೇಕಿತ್ತು. ಎಕ್ಸೆಲ್‌ನಲ್ಲಿ ಸಂಖ್ಯೆಯನ್ನು 1000ದಿಂದ ಭಾಗಿಸಿ, ಐದೂವರೆ ಗಂಟೆಗೆ ಸಮನಾದ 19,800 ಸೆಕೆಂಡುಗಳನ್ನು ಕೂಡಿಸಿ, ಬಂದದ್ದನ್ನು ಒಂದು ದಿನದ ಸೆಕೆಂಡುಗಳಾದ 86,400ರಿಂದ ಭಾಗಿಸಿ, ಕೊನೆಗೆ ಎಕ್ಸೆಲ್ ಲೆಕ್ಕದಲ್ಲಿ 1970ರ ಜನವರಿ 1ರ ದಿನಸಂಖ್ಯೆಯಾದ 25,569 ಸೇರಿಸುವ ಸೂತ್ರವನ್ನು ಬರೆದು, ಕಾಲಮ್ಮಿಗೆ ದಿನಾಂಕದ ಫಾರ್ಮ್ಯಾಟ್ ಕೊಟ್ಟ ಮೇಲೆ ಆ ಮಳೆ 2 ಗಂಟೆಯ ಸಾಲಿಗೇ ಬಂದು ಕುಳಿತಿತು.