ಹೆಸರೇ ಕೇಳದ ಕಂಪನಿಯಲ್ಲಿ ಕೋಡಿಂಗ್ ಕೆಲಸ: ಹುಡುಕುವುದು ಹೇಗೆ?

ಸಾಫ್ಟ್‌ವೇರ್ ಕೆಲಸ ಅಂದ ಕೂಡಲೇ ಇನ್ಫೊಸಿಸ್, ವಿಪ್ರೊ ಎನ್ನುತ್ತೇವೆ. ಎಲ್ಲರೂ ಅರ್ಜಿ ಹಾಕುವುದೂ ಅಲ್ಲಿಗೇ. ಆದರೆ ಆಸ್ಪತ್ರೆಯ ಬಿಲ್, ಡೇರಿಯ ಹಾಲಿನ ಲೆಕ್ಕ, ಸೊಸೈಟಿಯ ಸಾಲದ ಖಾತೆ, ಇವಕ್ಕೂ ಯಾರೋ ಕೋಡ್ ಬರೆದಿರುತ್ತಾರೆ ಅಲ್ವಾ? ಅವರನ್ನು ಹುಡುಕಿ.

ಮೊದಲ ಕೆಲಸ ಹೆಸರು ಕಲೆಹಾಕುವುದು. ಮೆಡಿಕಲ್ ಶಾಪಿನ ಬಿಲ್ಲಿನ ತಳ ನೋಡಿ. ಎಷ್ಟೋ ಸಲ ಸಾಫ್ಟ್‌ವೇರ್ ಮಾಡಿದವರ ಹೆಸರು ಅಲ್ಲೇ ಸಣ್ಣಕ್ಷರದಲ್ಲಿರುತ್ತದೆ. ತಮ್ಮನ ಶಾಲೆಯ ಆ್ಯಪನ್ನು ಪ್ಲೇ ಸ್ಟೋರ್‌ನಲ್ಲಿ ತೆರೆದರೆ ಡೆವಲಪರ್ ಹೆಸರು, ಇಮೇಲ್ ಸಿಗುತ್ತವೆ. ಬೆಂಗಳೂರೇ ಆಗಬೇಕೆಂದಿಲ್ಲ, ಆ್ಯಪ್ ಮಾಡುವ ರೋಬೋಸಾಫ್ಟ್ ಕಂಪನಿ 1996ರಲ್ಲಿ ಶುರುವಾದದ್ದು ಉಡುಪಿಯಲ್ಲಿ. ಪೀಣ್ಯದ ಕಾರ್ಖಾನೆಗಳಲ್ಲೂ ಇಆರ್‌ಪಿ (ಲೆಕ್ಕ, ಸ್ಟಾಕು, ಉತ್ಪಾದನೆ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ನೋಡಿಕೊಳ್ಳುವವರು ಬೇಕು. ಐಟಿ ಕಂಪನಿ ಅಲ್ಲ ಅಂತ ಬಿಡಬೇಡಿ.

ಆಮೇಲೆ ಜಾತಕ ನೋಡಿ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿ ನೋಂದಣಿಯಾದ ದಿನಾಂಕ ಸಿಗುತ್ತದೆ. ನೌಕರರ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ತಾಣದಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ಜನರಿಗೆ ಪಿಎಫ್ ಕಟ್ಟಿದ್ದಾರೆಂದು ಕಾಣುತ್ತದೆ. ಐವತ್ತು ಜನ ಇದ್ದೇವೆ ಅಂದವರು ಆರು ಜನರಿಗೆ ಕಟ್ಟಿದ್ದರೆ ಯಾಕೆಂದು ಕೇಳಿ. 20ಕ್ಕಿಂತ ಕಡಿಮೆ ಜನರಿರುವ ಕಂಪನಿಗೆ ಪಿಎಫ್ ಕಡ್ಡಾಯವಲ್ಲ, ಹಾಗಾಗಿ ಹೆಸರು ಸಿಗದಿದ್ದರೆ ಗಾಬರಿ ಬೇಡ.

ಇನ್ನು ಇಮೇಲ್. ಸಣ್ಣ ಕಂಪನಿಯಲ್ಲಿ ಅದನ್ನು ಓದುವುದು ಬಹುತೇಕ ಮಾಲೀಕರೇ. ‘ನಾನು ಶ್ರಮಜೀವಿ’ ಎಂಬ ಪುರಾಣ ಅವರಿಗೆ ಬೇಡ. ಹೀಗೆ ಬರೆಯಿರಿ: ‘ನಿಮ್ಮ ಆ್ಯಪಿನ ಫೀ ರಸೀದಿಯ ಪಿಡಿಎಫ್‌ನಲ್ಲಿ ಕನ್ನಡ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿವೆ. ಸರಿಯಾಗಿ ಮೂಡುವ ಮಾದರಿ ಮಾಡಿ ಗಿಟ್‌ಹಬ್‌ಗೆ ಹಾಕಿದ್ದೇನೆ, ನೋಡಿ ಸಾರ್.’ ಕೆಳಗೆ ಗಿಟ್‌ಹಬ್ (ಕೋಡ್ ಇಟ್ಟು ಹಂಚಿಕೊಳ್ಳುವ ತಾಣ) ಲಿಂಕ್, ಫೋನ್ ನಂಬರ್. ಅಷ್ಟು ಸಾಕು. ವಾರ ಬಿಟ್ಟು ಒಂದು ಫೋನ್ ಮಾಡಿ.

ಇಂಟರ್‌ವ್ಯೂನಲ್ಲಿ ಇಲ್ಲಿ ಒಗಟಿನಂಥ ಪ್ರಶ್ನೆಗಳಿಗಿಂತ ಎಸ್‌ಕ್ಯೂಎಲ್, ಪಿಎಚ್‌ಪಿ, ಡಾಟ್‌ನೆಟ್ ಜಾಸ್ತಿ. ಹಳೆಯದು ಅಂತ ಮೂಗು ಮುರಿಯಬೇಡಿ.

ಒಪ್ಪುವ ಮೊದಲು ನೀವೂ ಕೇಳಿ: ಸಂಬಳ ಯಾವ ತಾರೀಖಿಗೆ? ಇಷ್ಟು ಕಾಲ ಬಿಡುವಂತಿಲ್ಲ ಎನ್ನುವ ಬಾಂಡ್ ಇದೆಯಾ? ಟ್ರೇನಿಂಗ್ ಫೀಸ್ ಅಂತ ಕಾಸು ಕೇಳಿದರೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಸುಮ್ನೆ ಎದ್ದು ಬನ್ನಿ. ನಿಮ್ಮ ಕೋಡ್ ನೋಡಿ ತಿದ್ದುವ ಸೀನಿಯರ್ ಇದ್ದಾರಾ ಎಂದೂ ವಿಚಾರಿಸಿ. ಮೊದಲ ಕೆಲಸಕ್ಕೆ, ಅಂಥವರಿರುವ ಕಡೆ ಸಂಬಳ ಎರಡು ಸಾವಿರ ಕಡಿಮೆಯಾದರೂ ಪರವಾಗಿಲ್ಲ.