ಬಾಗಿಲ ಬಳಿಯ ಚಪ್ಪಲಿ ಎಣಿಸಿ: ಸರ್ಕಾರಿ ಶಾಲೆಗೆ ಶಿಕ್ಷಕರನ್ನು ಕೇಳಿ ಪಡೆಯುವ ಬಗೆ

ನಾನು ಹೊಲಿಗೆ ಕೆಲಸದವಳು. ಕೊಪ್ಪಳ ಜಿಲ್ಲೆಯ ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಮೂರು ವರ್ಷ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆಯಾಗಿದ್ದೆ. ಅಧ್ಯಕ್ಷೆ ಎಂದರೆ ಆಗಸ್ಟ್ 15ರಂದು ಧ್ವಜದ ಹಗ್ಗದ ಪಕ್ಕದಲ್ಲಿ ನಿಲ್ಲುವವಳು ಎಂದೇ ಮೊದಲ ವರ್ಷ ತಿಳಿದಿದ್ದೆ. ಎರಡನೆಯ ವರ್ಷ ಜುಲೈನಲ್ಲಿ ಮಗಳು ಮರೆತು ಹೋದ ತಟ್ಟೆ ಕೊಡಲು ಹೋದಾಗ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ಕೋಣೆಯ ಹೊಸ್ತಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಳತೆ ತೆಗೆಯುವುದು ಕೈಗೆ ಅಂಟಿದ ಅಭ್ಯಾಸ, ಚಪ್ಪಲಿ ಎಣಿಸಿದೆ. 46 ಜೊತೆ. ಒಳಗೆ ಒಬ್ಬರೇ ಶಿಕ್ಷಕಿ, ಒಂದನೆಯ ತರಗತಿಯ ಮಗುವೊಂದರ ಕೈ ಹಿಡಿದು ‘ರ’ ಬರೆಸುತ್ತಿದ್ದರು. ಉಳಿದ 45 ಮಕ್ಕಳು ತಮ್ಮ ಸರದಿಗಾಗಿ ಕಾಯುತ್ತಿದ್ದರೋ, ಸರದಿಯ ಆಸೆಯನ್ನೇ ಬಿಟ್ಟಿದ್ದರೋ ಹೇಳಲಾರೆ.

ನಿಮ್ಮ ಊರಿನಲ್ಲೂ ಹೀಗೇ ಇದ್ದರೆ ಏನು ಮಾಡಬಹುದು ಎಂಬುದನ್ನು ನಾನು ಮಾಡಿ ಕಲಿತಷ್ಟು ಹೇಳುತ್ತೇನೆ.

ಮೊದಲು ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಳ್ಳಿ. ‘ಒಂದು ಕೋಣೆಯಲ್ಲಿ ಮೂವತ್ತಕ್ಕಿಂತ ಹೆಚ್ಚು ಮಕ್ಕಳು ಇರಬಾರದಂತೆ’ ಎಂದು ಹಲವರು ನನಗೆ ಹೇಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹಾಗೆ ಬರೆದಿಲ್ಲ. ಅದರ ಅನುಸೂಚಿ, ಅಂದರೆ ಕೊನೆಯಲ್ಲಿರುವ ಪಟ್ಟಿ, ಲೆಕ್ಕ ಹಾಕುವುದು ಇಡೀ ಶಾಲೆಗೆ. ಒಂದರಿಂದ ಐದನೆಯ ತರಗತಿಯಲ್ಲಿ 60ರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಮಕ್ಕಳು 150 ದಾಟಿದರೆ ಐವರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು ಪ್ರತ್ಯೇಕ. 200 ದಾಟಿದರೆ ಮುಖ್ಯ ಶಿಕ್ಷಕರನ್ನು ಬಿಟ್ಟು ಒಬ್ಬ ಶಿಕ್ಷಕರಿಗೆ 40 ಮಕ್ಕಳಿಗಿಂತ ಹೆಚ್ಚಾಗಬಾರದು. ಆರರಿಂದ ಎಂಟನೆಯ ತರಗತಿಗೆ 35 ಮಕ್ಕಳಿಗೆ ಕನಿಷ್ಠ ಒಬ್ಬರು; ಅಲ್ಲಿ ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಒಬ್ಬೊಬ್ಬರಾದರೂ ಇರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಬ್ಬರಿಗೆ 30ಕ್ಕಿಂತ ಕಡಿಮೆ, ಹಿಂದುಳಿದ ಪ್ರದೇಶಗಳಲ್ಲಿ 25ಕ್ಕಿಂತ ಕಡಿಮೆ ಮಕ್ಕಳಿರಲಿ ಎನ್ನುತ್ತದೆ. ಅದು ನೀತಿ, ಕಚೇರಿಯ ಮೇಜಿನ ಮುಂದೆ ನಿಂತಾಗ ಕಾಯ್ದೆಯನ್ನೇ ಹಿಡಿಯಿರಿ.

ಇದರಲ್ಲೊಂದು ಬಿರುಕು ಇದೆ. 58 ಮಕ್ಕಳ ಶಾಲೆಗೆ ಇಬ್ಬರೇ ಸಾಕು ಎಂದರೆ ಐದು ತರಗತಿಗಳನ್ನು ಇಬ್ಬರು ಹಂಚಿಕೊಳ್ಳುವುದೂ ಕಾನೂನುಬದ್ಧವೇ. ಅಂತಹ ಶಾಲೆಯವರಿಗೆ ನನ್ನ ದಾರಿಯಿಂದ ಹೆಚ್ಚು ಉಪಯೋಗವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಇನ್ನು ಎಣಿಕೆ. ಮೂರು ಲೆಕ್ಕ ಬೇಕು. ಒಂದು, ದಾಖಲಾತಿ, ಮುಖ್ಯ ಶಿಕ್ಷಕರನ್ನು ಕೇಳಿದರೆ ಸಿಗುತ್ತದೆ. ಎರಡು, ಬಿಸಿಯೂಟಕ್ಕೆ ಆ ದಿನ ಕೂತ ಮಕ್ಕಳು. ಅಡುಗೆಯವರಿಗೆ ಈ ಸಂಖ್ಯೆ ಬಾಯಿಪಾಠ, ಅಕ್ಕಿ ಅಳೆಯುವವರು ಅವರೇ. ಮೂರು, ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂದೊಂದು ಕೋಣೆಯಲ್ಲೂ ಎಷ್ಟು ಮಕ್ಕಳು, ಎದುರಿಗೆ ಯಾರು. ಒಂದೇ ದಿನದ ಲೆಕ್ಕ ನಂಬಬೇಡಿ. ಸಂತೆಯ ದಿನ, ಶೇಂಗಾ ಕೀಳುವ ವಾರ ಬಿಟ್ಟು ಮೂರು ದಿನ ಎಣಿಸಿ, ದಿನಾಂಕ ಹಾಕಿ ಬರೆದಿಡಿ.

ನಮ್ಮ ಶಾಲೆಯ ದಾಖಲಾತಿ 163. ಹಾಜರಿ ಪುಸ್ತಕದಲ್ಲಿ ಐವರು ಶಿಕ್ಷಕರ ಹೆಸರು. ಭಾಗಿಸಿದರೆ ಒಬ್ಬರಿಗೆ 33 ಮಕ್ಕಳೂ ಆಗುವುದಿಲ್ಲ, ಎಷ್ಟು ಚೆಂದ! ಆದರೆ ಐವರಲ್ಲಿ ಒಬ್ಬರು ಎಂಟು ತಿಂಗಳಿಂದ ತಾಲ್ಲೂಕಿನ ಕಚೇರಿಯೊಂದರಲ್ಲಿ ನಿಯೋಜನೆಯ ಮೇಲೆ ಕಡತ ಬರೆಯುತ್ತಿದ್ದರು. ಇನ್ನೊಬ್ಬರು ಪ್ರಭಾರಿ ಮುಖ್ಯ ಶಿಕ್ಷಕರು. ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಇಲಾಖೆಯ ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ ತುಂಬುವುದು, ಸಭೆ ಎಂದು ಅವರ ದಿನವೇ ಮುಗಿಯುತ್ತಿತ್ತು. ಉಳಿದವರು ಮೂವರು. ಒಂದರಿಂದ ಮೂರರ 98 ಮಕ್ಕಳು ಎರಡು ಕೋಣೆಗಳಲ್ಲಿ, ನಾಲ್ಕು ಮತ್ತು ಐದನೆಯ ತರಗತಿಯ 65 ಮಕ್ಕಳು ಒಂದೇ ಕೋಣೆಯಲ್ಲಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆದ್ದರಿಂದ ‘ಶಿಕ್ಷಕರು ಕಡಿಮೆ’ ಎಂದು ಬರೆಯಬೇಡಿ. ‘ಸರಾಸರಿ ಸರಿಯಿದೆ’ ಎಂಬ ಉತ್ತರ ಸಿದ್ಧವಾಗಿ ಕುಳಿತಿರುತ್ತದೆ. ಯಾವ ಹುದ್ದೆ ಖಾಲಿ, ಯಾರು ಎಲ್ಲಿದ್ದಾರೆ, ಯಾವ ಆದೇಶದ ಮೇಲೆ ಎಂದು ಬರೆಯಿರಿ. ಆದೇಶದ ಪ್ರತಿ ಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ನಾನು ಮೊದಲು ಬರೆದದ್ದರಲ್ಲಿ ಶೌಚಾಲಯ, ಕಾಂಪೌಂಡು, ಶಿಕ್ಷಕರು ಎಲ್ಲವೂ ಇದ್ದವು, ವಾಪಸು ಬಂತು. ಎರಡನೆಯ ಸಲ ಮೂರೇ ಸಾಲು ಕೇಳಿದೆ: ಮಂಜೂರಾದ ಹುದ್ದೆಗಳೆಷ್ಟು, ಕೆಲಸ ಮಾಡುತ್ತಿರುವವರೆಷ್ಟು, ನಿಯೋಜನೆಯ ಆದೇಶದ ಪ್ರತಿ. 30 ದಿನದೊಳಗೆ ಉತ್ತರ ಕೊಡಬೇಕು. ನನಗೆ 29ನೆಯ ದಿನ ಬಂತು. ಮಂಜೂರಾದ ಹುದ್ದೆ ಆರು, ಮುಖ್ಯ ಶಿಕ್ಷಕರದ್ದು ಖಾಲಿ.

ಶಿಕ್ಷಣ ಹಕ್ಕು ಕಾಯ್ದೆಯ ಎರಡು ಸೆಕ್ಷನ್‌ಗಳು ಇಲ್ಲಿ ಕೈಗೆ ಬರುತ್ತವೆ. ಶಾಲೆಯಲ್ಲಿ ಖಾಲಿ ಹುದ್ದೆಗಳು ಮಂಜೂರಾದವುಗಳ ಶೇ 10ನ್ನು ಮೀರಬಾರದು ಎನ್ನುತ್ತದೆ 26ನೆಯದು. ಹತ್ತಕ್ಕಿಂತ ಕಡಿಮೆ ಹುದ್ದೆಗಳಿರುವ ಶಾಲೆಯಲ್ಲಿ ಒಂದೇ ಒಂದು ಖಾಲಿಯಿದ್ದರೂ ಈ ಮಿತಿ ದಾಟಿದಂತೆ. ಹಳ್ಳಿಯ ಶಾಲೆಗಳಿಗೆ ಇಷ್ಟು ಅನುಕೂಲವಾದ ಸಾಲು ಇನ್ನೊಂದಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ 27ನೆಯದು.

ಕಾಗದ ಕೈಗೆ ಬಂದ ಮೇಲೆ ಎಸ್‌ಡಿಎಂಸಿ ಸಭೆ ಕರೆಯಿರಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ, ನಡವಳಿ ಪುಸ್ತಕದ ಠರಾವಿಗೆ ಇದೆ. ನಮ್ಮ ಠರಾವು ಹೀಗಿತ್ತು: ‘163 ಮಕ್ಕಳಿರುವ ನಮ್ಮ ಶಾಲೆಗೆ ಕಾಯ್ದೆಯ ಅನುಸೂಚಿಯಂತೆ ಐವರು ಶಿಕ್ಷಕರು ಮತ್ತು ಒಬ್ಬ ಮುಖ್ಯ ಶಿಕ್ಷಕರು ಇರಬೇಕಾಗಿದ್ದು, ಪಾಠ ಮಾಡುತ್ತಿರುವವರು ಮೂವರು ಮಾತ್ರ. ನಿಯೋಜನೆಯನ್ನು ರದ್ದುಪಡಿಸಬೇಕು, ಖಾಲಿ ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರನ್ನು ಕೊಡಬೇಕು.’ ಕೆಳಗೆ ಮೂರು ದಿನದ ಎಣಿಕೆ, ಅದರ ಕೆಳಗೆ ಸಹಿ ಮತ್ತು ಹೆಬ್ಬೆಟ್ಟು. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಒಂದು ಗ್ರಾಮ ಪಂಚಾಯಿತಿಗೆ. ಎರಡರ ಮೇಲೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಅರ್ಜಿಯಲ್ಲಿ ಅದೇ ಕಾಯ್ದೆಯ 32ನೆಯ ಸೆಕ್ಷನ್ ಎಂದು ಬರೆಯುವುದನ್ನು ಮರೆಯಬೇಡಿ: ಆಗ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು.

ಶಾಲೆಯ ಶಿಕ್ಷಕರನ್ನು ಎದುರು ಹಾಕಿಕೊಳ್ಳಬೇಡಿ. ನಮ್ಮ ಪ್ರಭಾರಿಗಳು ಮೊದಮೊದಲು ಹೆದರಿದ್ದರು. ‘ನಿಮ್ಮ ಮೇಲೆ ದೂರಲ್ಲ ಸರ್, ನಿಮಗೆ ಜೊತೆ ಕೇಳುತ್ತಿದ್ದೇವೆ’ ಎಂದ ಮೇಲೆ ಅಂಕಿಗಳನ್ನು ಅವರೇ ತಿದ್ದಿ ಕೊಟ್ಟರು. ಇನ್ನೊಂದು ಎಚ್ಚರ: ಶಾಲೆಗೆ ಬಾರದ ಮಕ್ಕಳ ಹೆಸರು ಸೇರಿಸಿ ಸಂಖ್ಯೆ ಉಬ್ಬಿಸಬೇಡಿ. ಮಕ್ಕಳು ಕಡಿಮೆ ಎಂದು ಕಂಡ ಕಡೆ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಬೇರೆ ಶಾಲೆಗೆ ಕಳುಹಿಸುತ್ತಾರೆ. ಸುಳ್ಳು ಲೆಕ್ಕ ಹೊರಬಿದ್ದರೆ ಇದ್ದವರೂ ಹೋಗುತ್ತಾರೆ.

ಕೋಣೆಯನ್ನೂ ನೋಡಿ. ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ ಎಂದು ಅನುಸೂಚಿಯಲ್ಲೇ ಇದೆ. ನಮ್ಮಲ್ಲಿ ಐದು ಕೋಣೆಗಳಿದ್ದವು, ಆದರೆ ಒಂದರಲ್ಲಿ ಮುರಿದ ಬೆಂಚು, ಇನ್ನೊಂದರಲ್ಲಿ ಅಕ್ಕಿ ಚೀಲ. ಹೊಸ ಶಿಕ್ಷಕರು ಬಂದ ದಿನ ಕೂರಿಸಲು ಜಾಗವಿಲ್ಲ ಎನ್ನಬಾರದೆಂದು ಒಂದು ಭಾನುವಾರ ನಾವೇ ಎರಡನ್ನೂ ಖಾಲಿ ಮಾಡಿದೆವು.

ಕಚೇರಿಯ ಮೊದಲ ಉತ್ತರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿತ್ತು: ‘ಪರಿಶೀಲನೆಯಲ್ಲಿದೆ.’ ಎರಡನೆಯ ಅರ್ಜಿಗೆ ಮೊದಲನೆಯದರ ಸ್ವೀಕೃತಿಯ ನಕಲು ಲಗತ್ತಿಸಿದೆ. ಹತ್ತನೆಯ ವಾರ ನಿಯೋಜನೆ ರದ್ದಾಯಿತು, ದಸರಾ ರಜೆಯ ನಂತರ ಒಬ್ಬ ಅತಿಥಿ ಶಿಕ್ಷಕಿ ಬಂದರು. ನಲಿ-ಕಲಿ ಮಕ್ಕಳು ಮೂರು ಕೋಣೆಗಳಿಗೆ ಹಂಚಿಹೋದರು, ನಾಲ್ಕು ಮತ್ತು ಐದನೆಯ ತರಗತಿಗಳು ಬೇರೆಯಾದವು. ಮಗಳ ಕೋಣೆಯ ಹೊಸ್ತಿಲಲ್ಲಿ ಮತ್ತೆ ಎಣಿಸಿದೆ: 31 ಜೊತೆ, ಜೊತೆಯಿಲ್ಲದ ಇನ್ನೊಂದು ಎಡಗಾಲಿನದು.

ಮುಖ್ಯ ಶಿಕ್ಷಕರ ಹುದ್ದೆ ಈಗಲೂ ಖಾಲಿ. ಅದಕ್ಕಾಗಿ ಕೊಟ್ಟ ಮೂರನೆಯ ಅರ್ಜಿಯ ಸ್ವೀಕೃತಿ ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ. ಹೊಸ ಅಧ್ಯಕ್ಷರು ಸಮವಸ್ತ್ರದ ಅಳತೆ ಕೊಡಲು ಬಂದಾಗ ಕೈಗಿಡಬೇಕು.