ಏನೂ ತೊಂದರೆ ಇಲ್ಲದವರನ್ನೂ ಕರೆದುಕೊಂಡು ಬನ್ನಿ

ಲೈಂಗಿಕ ಸೋಂಕುಗಳ ಚಿಕಿತ್ಸೆಯಲ್ಲಿ ತೊಡಗಿ ಬಹಳ ಕಾಲವಾಯಿತು. ಗೊನೊರಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು ತಗುಲಿದ ಗಂಡಸರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಉಷ್ಣ ಆಗಿರ್ಬೇಕು, ಮೂತ್ರ ಉರೀತಿದೆ." ಒಳಉಡುಪಿಗೆ ಹಳದಿ ಕೀವು ಅಂಟಿದ್ದನ್ನು ನಾನಾಗಿ ಕೇಳುವವರೆಗೂ ಹೇಳುವುದಿಲ್ಲ. ಅದಕ್ಕೇ ನಾನು ಬಾಗಿಲು ಹಾಕಿ ನೇರವಾಗಿ ಕೇಳಿಬಿಡುತ್ತೇನೆ: ಕೊನೆಯ ಸಂಪರ್ಕ ಯಾವಾಗ, ಯಾವ ಬಗೆಯದು, ಕಾಂಡೋಮ್ ಇತ್ತಾ? ಬಗೆ ಕೇಳಲು ಕಾರಣವಿದೆ. ಈ ಬ್ಯಾಕ್ಟೀರಿಯಾ ಗಂಟಲಲ್ಲೂ ಗುದದ್ವಾರದಲ್ಲೂ ನೆಲೆಸುತ್ತದೆ. ಗಂಟಲಲ್ಲಿದ್ದರೆ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ಅಲ್ಲಿಂದಲೇ ಸ್ವಾಬ್, ಅಂದರೆ ಹತ್ತಿಕಡ್ಡಿಯಿಂದ ಮಾದರಿ, ತೆಗೆಯಬೇಕು.

ಟಾಯ್ಲೆಟ್ ಸೀಟು, ಬಟ್ಟೆ, ಒಂದೇ ತಟ್ಟೆಯ ಊಟ, ಇವುಗಳಿಂದ ಇದು ಹರಡದು. ಆದರೆ ವೀರ್ಯ ಸ್ಖಲನವಾಗದಿದ್ದರೂ ಸಂಪರ್ಕದಿಂದ ಅಂಟುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿನ ಕಣ್ಣಿಗೂ ತಗುಲಬಹುದು.

ನನ್ನ ಹೆಚ್ಚಿನ ಸಮಯ ಹೋಗುವುದು ಸಂಗಾತಿಯ ವಿಷಯಕ್ಕೆ. ಗಂಡಸಿಗೆ ಸಾಮಾನ್ಯವಾಗಿ 2ರಿಂದ 5 ದಿನಗಳಲ್ಲಿ ಉರಿ ಶುರುವಾಗುತ್ತದೆ, ಓಡಿ ಬರುತ್ತಾನೆ. ಹೆಂಗಸರಲ್ಲಿ ಎಷ್ಟೋ ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಕಂಡರೂ ಸ್ವಲ್ಪ ಬಿಳಿಸೆರಗು ಎಂದು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಸೋಂಕು ಗರ್ಭಕೋಶ ದಾಟಿ ಗರ್ಭನಾಳಕ್ಕೆ ಏರಿದರೆ ಮುಂದೆ ಬಂಜೆತನ, ನಾಳದಲ್ಲೇ ಗರ್ಭ ನಿಲ್ಲುವ ಅಪಾಯ. "ಅವಳಿಗೇನೂ ಇಲ್ಲ ಡಾಕ್ಟ್ರೇ" ಎಂದರೆ ನಾನು ಒಪ್ಪುವುದಿಲ್ಲ. ಕಳೆದ 60 ದಿನಗಳಲ್ಲಿ ಸಂಪರ್ಕವಿದ್ದವರೆಲ್ಲರಿಗೂ ಹೇಳಲೇಬೇಕು. ಹೇಗೆ ಹೇಳುವುದೆಂದು ತಡವರಿಸುವವರಿಗೆ ಮಾತನ್ನು ನನ್ನೆದುರೇ ಆಡಿ ನೋಡಲು ಹೇಳುತ್ತೇನೆ: "ನನಗೊಂದು ಸೋಂಕು ಇದೆ ಅಂತ ಗೊತ್ತಾಯ್ತು. ನಿನಗೂ ಇರಬಹುದು. ಇಬ್ರೂ ಔಷಧಿ ತಗೊಳ್ಳೋಣ." ಯಾರಿಂದ ಯಾರಿಗೆ ಬಂತು ಎಂದು ಈ ಪರೀಕ್ಷೆ ಹೇಳುವುದಿಲ್ಲ, ಆ ಜಗಳಕ್ಕೆ ನಾನು ಸಾಕ್ಷಿ ಆಗುವುದಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆ ನುಂಗಿ ಬರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್‌ಗಳಿಗೆ ಈ ರೋಗಾಣು ಎಷ್ಟೋ ಕಡೆ ಜಗ್ಗುವುದಿಲ್ಲ. ಈಗ ಮುಖ್ಯವಾಗಿ ನಂಬಿರುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನನ್ನು. ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಕಳೆಯುವವರೆಗೆ ಸಂಪರ್ಕ ಬೇಡ.

ಉರಿ, ಕೀವು, ಎರಡು ಮುಟ್ಟುಗಳ ನಡುವೆ ರಕ್ತ ಕಂಡರೆ ಒಂದೆರಡು ದಿನದೊಳಗೆ ತೋರಿಸಿ. ಜ್ವರದ ಜೊತೆ ಕಿಬ್ಬೊಟ್ಟೆ ನೋವು, ವೃಷಣದ ಊತ, ಕೀಲು ಊದಿ ಚರ್ಮದ ಮೇಲೆ ಗುಳ್ಳೆ, ಇವಕ್ಕೆ ಅಂದೇ ಹೊರಡಿ. ನವಜಾತ ಶಿಶುವಿನ ಕಣ್ಣಲ್ಲಿ ಕೀವು ಕಂಡರಂತೂ ಗಂಟೆಗಳೂ ಮುಖ್ಯ, ದೃಷ್ಟಿಯೇ ಹೋಗಬಹುದು. ಗುಣವಾದವರಿಗೂ ಮತ್ತೆ ತಗುಲಬಹುದು, ಆದ್ದರಿಂದ 3 ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆಗೆ ಕರೆಯುತ್ತೇನೆ. ಮೂತ್ರ ಕೊಡುವವರು ಬರುವ ಮೊದಲು ಒಂದು ಗಂಟೆಯಾದರೂ ಮೂತ್ರ ಮಾಡಿರಬಾರದು. ಡಬ್ಬಿಗೆ ಬೇಕಾಗಿರುವುದು ಮೊದಲ ಧಾರೆ.